ಜೀಪ್ ಷೆಡ್ಡಿನಲ್ಲಿ ಕಾಫಿ ಒಣಗಿದ ವರ್ಷ

ಮೊನ್ನೆ ಚಿಕ್ಕಮಗಳೂರಿನ ಒಂದು ಕಲ್ಯಾಣಮಂಟಪದಲ್ಲಿ ಬೆಳೆಗಾರರಿಗೆಂದು ಯಂತ್ರಗಳ ಪ್ರದರ್ಶನ ಇಟ್ಟಿದ್ದರು. ನಾನು ಬೆಳೆಗಾರನಲ್ಲ. ನನ್ನ ಹೆಸರಿನಲ್ಲಿ ಒಂದು ಕಾಫಿ ಗಿಡವೂ ಇಲ್ಲ. ಮೂವತ್ತೈದು ವರ್ಷ ಇದೇ ಊರಿನಲ್ಲಿ ಫ್ರಿಜ್ಜು ರಿಪೇರಿ ಮಾಡಿದವನು. ಈಗ ಮಂಡಿ ಹಿಡಿದುಕೊಂಡಿರುವುದರಿಂದ ಅಂಗಡಿಯನ್ನು ಬೇರೆಯವರಿಗೆ ಬಿಟ್ಟು ಮನೆಯಲ್ಲಿದ್ದೇನೆ. ತರಕಾರಿ ತರಲು ಹೊರಟವನಿಗೆ ಮಂಟಪದ ಬಾಗಿಲಿನಲ್ಲಿ ಹಸಿ ಪಾರ್ಚ್‌ಮೆಂಟಿನ ವಾಸನೆ ಬಡಿಯಿತು. ಹಣ್ಣಿನ ಸಿಪ್ಪೆ ತೆಗೆದು ತೊಳೆದ, ಇನ್ನೂ ಹೊಟ್ಟಿನೊಳಗೇ ಇರುವ ಕಾಫಿ ಬೀಜಕ್ಕೆ ನಮ್ಮ ಕಡೆ ಪಾರ್ಚ್‌ಮೆಂಟ್ ಎನ್ನುತ್ತಾರೆ. ಹಸಿಯಾಗಿದ್ದಾಗ ಅದಕ್ಕೆ ಹುಳಿ ಬಂದ ದೋಸೆಹಿಟ್ಟಿನ ಹಾಗೆ ಒಂದು ವಾಸನೆ. ಚೀಲವನ್ನು ಕಂಕುಳಿಗೆ ಸೇರಿಸಿ ಒಳಗೆ ಹೋದೆ.

ಬಾಗಿಲ ಬಳಿ ಒಬ್ಬ ಹುಡುಗಿ ಒಂದು ಫಾರಂ ಕೊಟ್ಟಳು. ಅದರಲ್ಲಿ ಮೂರು ಚೌಕಗಳಿದ್ದವು: ಬೆಳೆಗಾರ, ವ್ಯಾಪಾರಿ, ವಿದ್ಯಾರ್ಥಿ. "ಯಾವುದಕ್ಕಾದ್ರೂ ಟಿಕ್ ಹಾಕಿ ಅಂಕಲ್" ಎಂದಳು. ಆಮೇಲೆ ಹಾಕುತ್ತೇನೆಂದು ಜೇಬಿಗೆ ಇಟ್ಟುಕೊಂಡೆ. ವೇದಿಕೆಯ ಮೇಲೆ ಟೈ ಕಟ್ಟಿದ ಒಬ್ಬರು ಬೀರುವಿನಷ್ಟು ಎತ್ತರದ ಹೊಳೆಯುವ ಪೆಟ್ಟಿಗೆಯೊಂದನ್ನು ತೋರಿಸಿ ಮಾತಾಡುತ್ತಿದ್ದರು. ಹೀಟ್ ಪಂಪ್ ಡ್ರೈಯರ್ ಅಂತೆ. ಸೌದೆ ಬೇಡ, ಬಿಸಿಲು ಬೇಡ, ಕರೆಂಟು ಸ್ವಲ್ಪವೇ ಸಾಕು, ಒಳಗಿರುವುದು ಆಕಾಶಕ್ಕೆ ಹಾನಿ ಮಾಡದ ನೈಸರ್ಗಿಕ ಅನಿಲ. ಎಲ್ಲ ಸರಿಯಾಗಿಯೇ ಹೇಳಿದರು. ಕೊನೆಗೆ, "ಈ ಜಿಲ್ಲೆಯಲ್ಲೇ ಮೊಟ್ಟಮೊದಲ ಬಾರಿಗೆ" ಎಂದರು.

ನನಗೆ ಕಿವಿ ಬಿಸಿಯಾಯಿತು. ನಾನು ಮೊದಲಿನಿಂದಲೂ ಸ್ವಲ್ಪ ಜಗಳಗಂಟ. ಎದ್ದು ನಿಂತು ಹೇಳೋಣವೆಂದುಕೊಂಡೆ, ಆದರೆ ಹಾಗೆ ಹೇಳಲು ಬೇಕಾದ ವರ್ಷ ಒಂದು ಮಾತಿನಲ್ಲಿ ಮುಗಿಯುವಂಥದ್ದಲ್ಲ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಫ್ರಿಜ್ಜಿಗೆ ತುಂಬುತ್ತಿದ್ದ ಹಳೆಯ ಗ್ಯಾಸು ಇನ್ನು ಕೆಲವೇ ವರ್ಷ ಸಿಗುವುದು, ಆಮೇಲೆ ನಿಂತುಹೋಗುತ್ತದೆ ಎಂದು ಸುದ್ದಿಯಾಗಿ, ಮೆಕ್ಯಾನಿಕ್‌ಗಳಿಗೆ ಬೆಂಗಳೂರಿನಲ್ಲಿ ಹತ್ತು ದಿನದ ತರಬೇತಿ ಇಟ್ಟಿದ್ದರು. ಊಟ ವಸತಿ ಪುಕ್ಕಟೆ ಎಂದು ನಾನೂ ಹೋದೆ. ಮೂರನೆಯ ದಿನ ಪಾಠ ಮಾಡುವವರು ಆಕಾಶದ ಚಿತ್ರ ತೋರಿಸಿದರು. ಮೇಲೆ ಬಿಸಿಲಿನ ವಿಷ ತಡೆಯುವ ಪದರವೊಂದು ಇದೆಯಂತೆ, ನಾವು ಬಿಡುವ ಗ್ಯಾಸು ಅಲ್ಲಿಗೆ ಹೋಗಿ ಅದನ್ನು ತಿನ್ನುತ್ತದಂತೆ. ಹದಿನೈದು ವರ್ಷ ಪ್ರತಿ ರಿಪೇರಿಗೆ ಮೊದಲು ಪೈಪ್ ಕತ್ತರಿಸಿ ಫುಸ್ಸೆಂದು ಗಾಳಿಗೆ ಬಿಟ್ಟವನು ನಾನು. ಅಂದು ಮಧ್ಯಾಹ್ನದ ಊಟ ಸೇರಲಿಲ್ಲ. ಬದಲಿಗೆ ಏನು ತುಂಬಬಹುದು ಎಂದು ಕೇಳಿದ್ದಕ್ಕೆ, ಪ್ರೊಪೇನ್ ಎಂದರು. ಅಡುಗೆ ಗ್ಯಾಸಿನ ಹತ್ತಿರದ ಸಂಬಂಧಿ, ನೆಲದೊಳಗಿಂದಲೇ ಬರುವಂಥದ್ದು, ಚೊಕ್ಕ ಮಾಡಿದ್ದು ಬೇಕು, ಹಳೆಯ ಗ್ಯಾಸಿನ ಅರ್ಧಕ್ಕಿಂತ ಕಡಿಮೆ ಸಾಕು, ಆದರೆ ಬೆಂಕಿ ಹತ್ತುತ್ತದೆ, ಕಿಡಿ ಹಾರುವ ಜಾಗದಿಂದ ದೂರ ಇಡಬೇಕು.

ಊರಿಗೆ ಬಂದವನು ಅಂಗಡಿಯಲ್ಲಿ ಇನ್ನು ಮುಂದೆ ಹಳೆಯ ಗ್ಯಾಸು ಮುಟ್ಟುವುದಿಲ್ಲ ಎಂದುಬಿಟ್ಟೆ. ನಮ್ಮ ಅಂಗಡಿ ಸಾಲಿನಲ್ಲಿದ್ದ ಬೇರೆ ಮೆಕ್ಯಾನಿಕ್‌ಗಳಿಗೆ ಹಬ್ಬವಾಯಿತು. ನನ್ನ ಗಿರಾಕಿಗಳನ್ನು ಕರೆದು, "ಅವ್ನು ಫ್ರಿಜ್ಜಿಗೆ ಅಡುಗೆ ಗ್ಯಾಸ್ ತುಂಬ್ತಾನೆ, ಮನೆ ಹಾರ್ಸಿಬಿಡ್ತಾನೆ" ಎಂದು ಹೇಳತೊಡಗಿದರು. ತಿಂಗಳೊಳಗೆ ನನಗೆ ಬಾಂಬ್ ಪ್ರಭಾಕರ ಎಂಬ ಹೆಸರು ಗಟ್ಟಿಯಾಯಿತು. ಕರೆದವರ ಮೇಲೆಲ್ಲ ಎಗರಾಡಿದೆ, ಹೆಸರು ಇನ್ನಷ್ಟು ಗಟ್ಟಿಯಾಯಿತು.

ಆ ಹೆಸರು ಕೇಳಿಯೂ ನನ್ನನ್ನು ಕರೆಸಿದವರು ಸುಶೀಲಮ್ಮ. ಆಲ್ದೂರಿನಿಂದ ಬಾಳೆಹೊನ್ನೂರು ದಾರಿಯಲ್ಲಿ ಬಸ್ಸಿಳಿದು ಒಂದು ಮೈಲಿ ಒಳಗೆ ಅವರ ಎಂಟು ಎಕರೆ ಅರೇಬಿಕಾ ತೋಟ. ಯಜಮಾನರು ಕಾಲೇಜಿನಲ್ಲಿ ಲೆಕ್ಕದ ಮೇಷ್ಟ್ರು, ವಾರಕ್ಕೊಮ್ಮೆ ಬಂದು ಪೇಪರ್ ಓದಿ ಹೋಗುವವರು. ಕಸಿ, ಗೊಬ್ಬರ, ಕೊಯ್ಲು, ಆಳು ಎಲ್ಲ ಸುಶೀಲಮ್ಮನದೇ. ಫ್ರಿಜ್ಜು ತಣ್ಣಗಾಗುತ್ತಿಲ್ಲ ಎಂದು ಫೋನ್ ಮಾಡಿಸಿದ್ದರು. ಹೋಗಿ ನೋಡಿದರೆ ಫ್ರಿಜ್ಜಿನ ಹಿಂದಿನ ಬಿಸಿ ಜಾಲರಿಗೆ ಬಟ್ಟೆ ಗಂಟುಗಳನ್ನು ಸಾಲಾಗಿ ನೇತುಹಾಕಿದ್ದಾರೆ. ಒಂದರಲ್ಲಿ ಬೆಂಕಿಪೊಟ್ಟಣ, ಒಂದರಲ್ಲಿ ಏಲಕ್ಕಿ, ಒಂದರಲ್ಲಿ ಸೌತೆ ಬೀಜ, ಮೇಲೆ ಯಜಮಾನರ ಕಾಲುಚೀಲ.

"ಅಮ್ಮ, ಇದಕ್ಕೆ ಉಸಿರಾಡೋಕೆ ಜಾಗ ಬೇಡ್ವ? ಹಿಂದೆ ಅಂಗಡಿ ಇಟ್ಟಿದೀರಲ್ಲ!"

"ಏನ್ ಮಾಡ್ಲಿ ಮಾರಾಯ, ಮಳೆಗಾಲ ಬಂತೂಂದ್ರೆ ಈ ಮನೇಲಿ ಒಣಾ ಜಾಗ ಅಂತ ಇರೋದು ಇದೊಂದೇ" ಎಂದರು ಸುಶೀಲಮ್ಮ. ನಾನು ಗಂಟು ಬಿಚ್ಚುತ್ತಿರುವುದನ್ನು ನೋಡುತ್ತ ನಿಂತವರು, "ಅಲ್ಲ ಪ್ರಭಾಕರ, ಒಳಗೆ ತಣ್ಣಗೆ, ಹಿಂದೆ ಬಿಸಿ. ಈ ಬಿಸಿ ಬರೋದು ಎಲ್ಲಿಂದ?" ಎಂದು ಕೇಳಿದರು.

"ಒಳಗಿನ ಬಿಸೀನೇ ಹೊತ್ಕೊಂಡು ಬಂದು ಹಿಂದೆ ಹಾಕ್ತದೆ ಅಮ್ಮ. ಇದು ಬಿಸಿ ಹುಟ್ಸೋದಿಲ್ಲ, ಹೊರ್ತದೆ ಅಷ್ಟೆ. ಅದಕ್ಕೇ ಕರೆಂಟು ಕಮ್ಮಿ ಸಾಕು."

"ಹಂಗಾದ್ರೆ ಒಂದು ಕೋಣೆಯಷ್ಟು ದೊಡ್ಡ ಫ್ರಿಜ್ ಮಾಡಿ, ಅದರ ಬೆನ್ನಲ್ಲಿ ಕಾಫಿ ಒಣಗಿಸ್ಬಹುದಲ್ಲ?"

ನಾನು ನಕ್ಕೆ. ಅವರು ನಗಲಿಲ್ಲ. ಹಿಂದಿನ ವರ್ಷ ಕೊಯ್ಲಿನ ಹೊತ್ತಿಗೆ ಅಕಾಲ ಮಳೆ ಹಿಡಿದು, ಕಣದಲ್ಲಿ ಹರಡಿದ್ದ ಪಾರ್ಚ್‌ಮೆಂಟು ಬೂಸ್ಟು ಬರುವ ಹಾಗಾಗಿತ್ತು. ಯಜಮಾನರ ಅಣ್ಣ ರುದ್ರೇಗೌಡರು ಪಕ್ಕದ ತೋಟದವರು, ದೊಡ್ಡ ಬೆಳೆಗಾರರು. ಅವರಲ್ಲಿ ಸೌದೆ ಉರಿಸುವ ಡ್ರೈಯರ್ ಇತ್ತು. ಬೇರೆ ದಾರಿಯಿಲ್ಲದೆ ಸುಶೀಲಮ್ಮ ಕಾಫಿಯನ್ನು ಅಲ್ಲಿಗೆ ಕಳಿಸಿದರು. ಒಣಗಿ ಬಂತು ನಿಜ, ಹೊಗೆ ಕುಡಿದು ಬಂತು. ಹೊಟ್ಟು ತೆಗೆದು ಕಾಳು ವಿಂಗಡಿಸುವ ಕ್ಯೂರಿಂಗ್ ಕಾರ್ಖಾನೆಯವರು ಮೂಸಿ ನೋಡಿ ಪಕ್ಕಕ್ಕೆ ಇಟ್ಟರು. "ಇನ್ನೊಂದ್ಸಲ ಹಿಂಗಾದ್ರೆ ನೀನು ಸಿಪ್ಪೆ ಬಿಡ್ಸೋದು, ಪಲ್ಪಿಂಗು ಎಲ್ಲ ನಿಲ್ಸಿಬಿಡು ಸುಶೀಲ. ಹಣ್ಣನ್ನ ನಮ್ಮ ಕಣಕ್ಕೇ ಕಳ್ಸು, ನಮ್ಮ ಚೀಲದಲ್ಲೇ ಹೋಗ್ಲಿ" ಎಂದಿದ್ದರು ರುದ್ರೇಗೌಡರು. ಮನೆಯಲ್ಲಿ ಎಲ್ಲರೂ ಅದಕ್ಕೆ ತಲೆಯಾಡಿಸಿದ್ದರು. ಅಂದರೆ ಇನ್ನೊಂದು ಬೆಳೆ ಕೆಟ್ಟರೆ, ಹದಿನೆಂಟು ವರ್ಷ ಅವರು ಮಾಡಿದ ತೋಟದ ಕಾಫಿ ಭಾವನ ತೋಟದ ಗುರುತಿನಲ್ಲಿ ಹೋಗುತ್ತದೆ, ಅವರ ತೋಟಕ್ಕೆ ಹೆಸರೇ ಇರುವುದಿಲ್ಲ.

"ನಾನು ಇನ್ನೊಬ್ರ ಬೆಂಕಿಗೆ ನನ್ನ ಕಾಫಿ ಹಾಕಲ್ಲ" ಎಂದರು ಸುಶೀಲಮ್ಮ. "ನಿಂಗೆ ಆಗ್ತದಾ ಇಲ್ವಾ ಹೇಳು."

ಬಸ್ಸಿನಲ್ಲಿ ಆಲ್ದೂರು ಬರುವ ಹೊತ್ತಿಗೆ ನನ್ನ ನಗು ನಿಂತಿತ್ತು. ಫ್ರಿಜ್ಜಿನಿಂದ ತೆಗೆದ ಸ್ಟೀಲ್ ಲೋಟ ಬೆವರುತ್ತದಲ್ಲ, ಆ ಬೆವರು ಗಾಳಿಯಲ್ಲಿದ್ದ ನೀರು. ಮುಚ್ಚಿದ ಕೋಣೆಯಲ್ಲಿ ಗಾಳಿಯನ್ನು ಮೊದಲು ತಣ್ಣನೆಯ ಸುರುಳಿಯ ಮೇಲೆ ಹಾಯಿಸಿದರೆ ನೀರನ್ನು ಅಲ್ಲೇ ಬಿಡುತ್ತದೆ. ಅದೇ ಗಾಳಿಯನ್ನು ಬಿಸಿ ಸುರುಳಿಯ ಮೇಲೆ ಹಾಯಿಸಿದರೆ ಬೆಚ್ಚಗಾಗಿ ಕಾಫಿಯ ನಡುವೆ ಹೋಗಿ ಮತ್ತೆ ನೀರು ಹೊತ್ತು ಬರುತ್ತದೆ. ಸುತ್ತುತ್ತಲೇ ಇರಬೇಕು ಅಷ್ಟೆ. ಹೊಗೆಯಿಲ್ಲ, ಬೂದಿಯಿಲ್ಲ, ನೆರಳಿನ ಮರ ಕಡಿಯುವುದಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಇಳಿದವನು ಮನೆಗೆ ಹೋಗದೆ ಲಾಡ್ಜೊಂದರ ಹಿತ್ತಲಿಗೆ ಹೋಗಿ, ಅಲ್ಲಿ ಬಿಸಾಡಿದ್ದ ಒಂದೂವರೆ ಟನ್ನಿನ ಏಸಿಯನ್ನು ಕೇಳಿ ಹೊರಿಸಿಕೊಂಡು ಬಂದೆ.

ನವೆಂಬರ್ ಪೂರ್ತಿ ಸುಶೀಲಮ್ಮನ ಜೀಪ್ ಷೆಡ್ಡಿನಲ್ಲಿ ಕೆಲಸ. ಜೀಪು ಹಲಸಿನ ಮರದಡಿಗೆ ಹೋಯಿತು. ಗೋಡೆಯ ಬಿರುಕಿಗೆ ಸಿಮೆಂಟು, ಹೆಂಚಿನ ಕೆಳಗೆ ತಗಡು, ಒಳಗೆ ಅಡಿಕೆ ದಬ್ಬೆಯ ಚೌಕಟ್ಟಿಗೆ ಬಲೆ ಬಿಗಿದ ಹದಿನಾರು ತಟ್ಟೆಗಳು. ಕಂಪ್ರೆಸರ್ ಗೋಡೆಯ ಆಚೆ. ಫ್ಯಾನಿನ ಮೋಟಾರೂ ಆಚೆ, ಅದರ ದಂಡ ಮಾತ್ರ ಗೋಡೆ ತೂರಿ ಒಳಗೆ. ಒಳಗೆ ಒಂದು ಸ್ವಿಚ್ಚಿಲ್ಲ, ಒಂದು ಬಲ್ಬಿಲ್ಲ. ಬೆಳಕು ಬೇಕಾದರೆ ಕಿಟಕಿಯ ಗಾಜಿನ ಹೊರಗಿನಿಂದ. ಬಾಂಬ್ ಪ್ರಭಾಕರ ಎಂದು ಕರೆದವರು ಬಂದು ನೋಡಲಿ ಎಂದೇ ಒಂದೊಂದು ಬೆಸುಗೆಗೂ ಮೂರು ಮೂರು ಸಲ ಸೋಪಿನ ನೊರೆ ಹಚ್ಚಿ ಪರೀಕ್ಷೆ ಮಾಡಿದೆ. ಗ್ಯಾಸು ತುಂಬುವ ದಿನ ಯಜಮಾನರು ಊರಿನಿಂದ ಬಂದು ದೂರ ನಿಂತಿದ್ದರು. ನಿಮ್ಮ ಅಡುಗೆಮನೆಯ ಸಿಲಿಂಡರಿನಲ್ಲಿ ಇರುವುದರ ಮೂವತ್ತರಲ್ಲಿ ಒಂದು ಪಾಲು ಇದರಲ್ಲಿದೆ ಸಾರ್ ಎಂದೆ. ಮೇಷ್ಟ್ರು ಮನಸ್ಸಿನಲ್ಲೇ ಭಾಗಾಕಾರ ಮಾಡಿ ಹತ್ತಿರ ಬಂದರು.

ತೋಟದಲ್ಲಿ ಆಳುಗಳ ಮೇಲೆ ಮೇಸ್ತ್ರಿಯಾಗಿದ್ದವರು ದೇಜಪ್ಪ. ಘಟ್ಟದ ಕೆಳಗಿನಿಂದ ಬಂದು ಮೂವತ್ತು ವರ್ಷವಾಗಿತ್ತು. ಕಣ ಎಂದರೆ ಅವರದೇ ರಾಜ್ಯ. ಬೆಳಿಗ್ಗೆ ಇಬ್ಬನಿ ಆರಿದೊಡನೆ ಟಾರ್ಪಾಲು ತೆಗೆಯುವುದು, ಕಾಲಲ್ಲಿ ಕೆದಕುತ್ತ ಕಾಫಿ ತಿರುಗಿಸುವುದು, ಸಂಜೆ ಗುಡ್ಡೆ ಹಾಕಿ ಮುಚ್ಚುವುದು. ಒಣಗಿತೋ ಇಲ್ಲವೋ ಎಂದು ಒಂದು ಕಾಳು ಹಲ್ಲಿಗೆ ಹಾಕಿ ಹೇಳುತ್ತಿದ್ದರು. ಅವರ ಹಲ್ಲು ಹೇಳಿದ್ದನ್ನೇ ಕಾರ್ಖಾನೆಯ ತೇವದ ಮೀಟರೂ ಹೇಳುತ್ತಿತ್ತು. ನಾನು ಅವರನ್ನು ನಿಲ್ಲಿಸಿಕೊಂಡು ಎಲ್ಲ ಹೇಳಿಕೊಟ್ಟೆ. ಇದು ಸ್ವಿಚ್, ಇದು ಫ್ಯಾನ್, ಹಿಂದಿನ ಪೈಪಿನಿಂದ ಬೀಳುವ ನೀರಿಗೆ ಬಕೆಟ್ ಇಡಿ, ಬೀಡಿ ಈ ಕಡೆ ತರಲೇಬೇಡಿ. "ಏನಾದ್ರೂ ಅನುಮಾನ ಬಂದ್ರೆ ಮೊದ್ಲು ಬಾಗ್ಲು ತೆಗೀರಿ, ಆಮೇಲೆ ನಂಗೆ ಫೋನ್ ಮಾಡ್ಸಿ" ಎಂದೆ. ಗ್ಯಾಸು ಸೋರಿದರೆ ಎಂಬ ಭಯಕ್ಕೆ ಈ ಮಾತನ್ನು ಎರಡು ಸಲ ಒತ್ತಿ ಹೇಳಿದ್ದು ನಾನೇ.

ಡಿಸೆಂಬರಿನಲ್ಲಿ ಹಣ್ಣು ಕೆಂಪಾಗಿ ತೂಗುತ್ತಿರುವಾಗ ಎಲ್ಲೋ ಸಮುದ್ರದಲ್ಲಿ ವಾಯುಭಾರ ಕುಸಿದು ಇಲ್ಲಿ ಮೋಡ ಕಟ್ಟಿತು. ಜೋರು ಮಳೆಯಲ್ಲ. ಜೋರು ಮಳೆಯಾದರೆ ಬಂದು ಹೋಗುತ್ತದೆ. ಇದು ಜಿನುಗು, ನಡುವೆ ಮಂಜು, ಮತ್ತೆ ಜಿನುಗು. ಹಣ್ಣು ಕಾಯುವುದಿಲ್ಲ, ಬಿಟ್ಟರೆ ಒಡೆದು ಬೀಳುತ್ತದೆ. ಸುಶೀಲಮ್ಮ ಪ್ಲಾಸ್ಟಿಕ್ ಹೊದ್ದ ಹೆಂಗಸರನ್ನು ಕಟ್ಟಿಕೊಂಡು ಕೊಯ್ಯಿಸಿದರು, ಪಲ್ಪರ್ ಓಡಿಸಿದರು, ನೀರು ಬಸಿದ ಹತ್ತು ಚೀಲದಷ್ಟು ಪಾರ್ಚ್‌ಮೆಂಟನ್ನು ಷೆಡ್ಡಿಗೆ ತುಂಬಿಸಿದರು. ಉಳಿದದ್ದನ್ನು ತೊಟ್ಟಿಯಲ್ಲಿ ಶುದ್ಧ ನೀರಿನಡಿಯಲ್ಲಿ ಮುಳುಗಿಸಿಟ್ಟರು. ನೀರು ಬದಲಿಸುತ್ತಿದ್ದರೆ ಹಾಗೆ ಕೆಲವು ದಿನ ತಡೆಯಬಹುದು, ಹೆಚ್ಚಲ್ಲ. ನಾನು ಸ್ವಿಚ್ ಹಾಕಿದೆ. ಅರ್ಧ ಗಂಟೆಯಲ್ಲಿ ಹಿಂದಿನ ಪೈಪಿನಿಂದ ನೀರು ತೊಟ್ಟಿಕ್ಕಿತು, ಆಮೇಲೆ ದಾರವಾಗಿ ಇಳಿಯಿತು. ಸುಶೀಲಮ್ಮ ಬೆರಳು ಒಡ್ಡಿ ಮುಟ್ಟಿ ನೋಡಿ, "ಇದು ಕಾಫಿಯೊಳಗಿಂದ ಬಂದಿದ್ದಾ?" ಎಂದರು. ನಾನು ಬಕೆಟ್ಟನ್ನು ಪೈಪಿನ ಅಡಿಗೆ ಸರಿಸಿಟ್ಟೆ.

ಅಂಗಡಿ ಬಿಡುವಂತಿರಲಿಲ್ಲವಾದ್ದರಿಂದ ನಾನು ದಿನಾ ಸಂಜೆ ಐದರ ಬಸ್ಸಿಗೆ ಅಲ್ಲಿ ಇಳಿದು ನೋಡಿ ಕೊನೆಯ ಬಸ್ಸಿಗೆ ವಾಪಸಾಗುತ್ತಿದ್ದೆ. ಪ್ರತಿ ಬಕೆಟ್ಟಿಗೂ ಸುಶೀಲಮ್ಮ ಷೆಡ್ಡಿನ ಹಿಂಗೋಡೆಯ ಮೇಲೆ ಇದ್ದಿಲಿನಲ್ಲಿ ಒಂದು ಗೆರೆ ಎಳೆಯುತ್ತಿದ್ದರು. ಮೊದಲ ದಿನ ಆರು ಗೆರೆ, ಎರಡನೆಯ ದಿನ ಏಳು. ನಾನು ಹಿಗ್ಗಿದೆ. ಮೂರನೆಯ ದಿನವೂ ಏಳು. ನಾಲ್ಕನೆಯ ದಿನ ಸಂಜೆ ಹೋದಾಗ ದೇಜಪ್ಪ ಕಾಳು ಬಾಯಿಗೆ ಹಾಕಿ ಉಗಿದರು. "ಮೆತ್ತಗೇ ಇದೆ. ಬೇಯಿಸಿದ ಕಡ್ಲೆ ಇದ್ದಂಗೆ." ಕೆಳಗಿನ ಎರಡು ತಟ್ಟೆಗಳಿಂದ ಬೂಸ್ಟಿನ ವಾಸನೆ ಏಳುತ್ತಿತ್ತು.

ಅದೇ ಹೊತ್ತಿಗೆ ರುದ್ರೇಗೌಡರು ಕೊಡೆ ಹಿಡಿದು ಬಂದರು. ಒಂದು ಹಿಡಿ ತೆಗೆದು ಮೂಸಿದರು. "ಸುಶೀಲ, ಫ್ರಿಜ್ಜಿನವನ ಮಾತು ಕೇಳಿ ಕಾಫಿ ಒಣಗಿಸ್ತಾರಾ? ನಾಳೆ ಟ್ರ್ಯಾಕ್ಟರ್ ಕಳಿಸ್ತೀನಿ, ತೊಟ್ಟೀಲಿ ಇರೋದನ್ನೂ ಸೇರ್ಸಿ ಹಾಕ್ಸು. ಮುಂದಿನ ವರ್ಷದ್ದು ಹೇಳಿದೀನಲ್ಲ" ಎಂದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಅಲ್ಲೇ ಇದ್ದೇನೆಂಬುದು ಅವರಿಗೆ ಗೊತ್ತಿತ್ತು.

"ಎರಡು ದಿನ ಬಿಡಿ ಭಾವ" ಎಂದರು ಸುಶೀಲಮ್ಮ.

"ಎರಡು ದಿನ ಬಿಟ್ರೆ ಗೊಬ್ಬರದ ಗುಂಡಿಗೇ ಹಾಕ್ಬೇಕಾಗ್ತದೆ."

"ಹಾಕ್ತೀನಿ. ನನ್ನ ಗುಂಡೀಗೇ ಹಾಕ್ತೀನಿ."

ಅವರು ಹೋದ ಮೇಲೆ ನಾನು ಷೆಡ್ಡಿನ ಹಿಂದೆ ಹೋಗಿ ಕೂತೆ. ಅಳು ಬರುವಂತಿತ್ತು, ಸಿಟ್ಟೂ ಬರುತ್ತಿತ್ತು. ಯಂತ್ರ ಚೆನ್ನಾಗಿಯೇ ಓಡುತ್ತಿದೆ, ಪೈಪು ಹಿಮದಷ್ಟು ತಣ್ಣಗಿದೆ, ಬಕೆಟ್ಟು ತುಂಬುತ್ತಿದೆ. ಎದುರಿಗೆ ಗೋಡೆಯ ಮೇಲಿನ ಗೆರೆಗಳು. ಸುಮ್ಮನೆ ಎಣಿಸಿದೆ. ಇಪ್ಪತ್ತಾರು. ಮತ್ತೆ ಎಣಿಸಿದೆ. ಒಳಗೆ ತುಂಬಿದ ಕಾಫಿಯನ್ನು ತೂಗಿಯೇ ಹಾಕಿದ್ದೆವು. ಅದನ್ನು ಒಂದು ಹನಿ ಉಳಿಯದ ಹಾಗೆ ಹಿಂಡಿದರೂ ಇಪ್ಪತ್ತು ಬಕೆಟ್ ನೀರು ಬರಬಾರದು. ಕಾಫಿಯಲ್ಲಿ ಇರದ ನೀರು ಎಲ್ಲಿಂದ ಬಂತು?

ಎದ್ದು ಮುಂದಿನ ಬಾಗಿಲಿಗೆ ಓಡಿದೆ. ಎರಡು ರೆಕ್ಕೆಯ ದೊಡ್ಡ ಬಾಗಿಲು, ಜೀಪು ಹೋಗುವಷ್ಟು ಅಗಲ. ನಾನು ಬರುವ ಹೊತ್ತಿಗೆ ದಿನಾ ಮುಚ್ಚಿಯೇ ಇರುತ್ತಿತ್ತು. ಇವತ್ತು ಹೊಸ್ತಿಲಿನ ಒಳಗಡೆ ನೋಡಿದೆ. ನಾಲ್ಕು ಅಡಿ ದೂರದವರೆಗೆ ನೆಲ ಒದ್ದೆ, ಮಳೆಯ ಇರಚಲಿನ ಚುಕ್ಕಿಗಳು.

"ದೇಜಪ್ಪಣ್ಣ, ಈ ಬಾಗ್ಲು ಯಾರಾದ್ರೂ ತೆಗೀತಾರಾ?"

"ನಾನೇ ತೆಗೀತೇನೆ" ಎಂದರು ದೇಜಪ್ಪ, ಇದರಲ್ಲಿ ಕೇಳುವುದೇನಿದೆ ಎನ್ನುವ ಹಾಗೆ. "ಬೆಳಿಗ್ಗೆ ಎಂಟಕ್ಕೆ ತೆಗೆದು ಸಂಜೆ ನಾಲ್ಕಕ್ಕೆ ಮುಚ್ಚೋದು. ಕಣದ್ದು ಹಾಗೇ ಅಲ್ವ? ಗಾಳಿ ಆಡ್ದೆ, ಹಬೆ ಹೋಗ್ದೆ ಕಾಫಿ ಒಣಗ್ತದಾ?"

ನಾನು ಸುಶೀಲಮ್ಮನ ಮುಖ ನೋಡಿದೆ. "ನಂಗೂ ಗೊತ್ತಿತ್ತು" ಎಂದರು ಅವರು ಸಣ್ಣ ದನಿಯಲ್ಲಿ. "ಹಂಗೇ ಮಾಡ್ಬೇಕೇನೋ ಅಂದ್ಕೊಂಡೆ."

"ನೀವೇ ಹೇಳಿದ್ದಲ್ವ" ಎಂದರು ದೇಜಪ್ಪ ನನ್ನನ್ನೇ ನೋಡುತ್ತ, "ಅನುಮಾನ ಬಂದ್ರೆ ಬಾಗ್ಲು ತೆಗೀರಿ ಅಂತ. ನಂಗೆ ದಿನಾ ಬೆಳಿಗ್ಗೆ ಅನುಮಾನ ಬರ್ತಿತ್ತು."

ಬೈಯಲು ಬಾಯಿ ತೆರೆದವನು ನಾನು ಹೇಳಿಕೊಟ್ಟದ್ದನ್ನೆಲ್ಲ ನೆನಪು ಮಾಡಿಕೊಂಡೆ. ಗ್ಯಾಸು, ಸ್ವಿಚ್ಚು, ಬೀಡಿ, ಬಕೆಟ್ಟು ಎಲ್ಲ ಹೇಳಿದ್ದೆ. ಬಾಗಿಲು ಮುಚ್ಚಿರಬೇಕು ಎಂದು ಮಾತ್ರ ಹೇಳಿರಲಿಲ್ಲ. ಫ್ರಿಜ್ಜಿನ ಬಾಗಿಲು ಮುಚ್ಚಿಡಬೇಕು ಎಂದು ಯಾರಿಗಾದರೂ ಹೇಳಬೇಕೇ ಎಂದುಕೊಂಡಿದ್ದೆ. ನನಗೆ ಅದು ಫ್ರಿಜ್ಜು, ಅವರಿಗೆ ಅದು ಕಣ. ಮೂವತ್ತು ವರ್ಷ ಕಾಫಿಯನ್ನು ತೆರೆದು ಒಣಗಿಸಿದ ಕೈ, ಬೆಳಗಾದರೆ ತೆರೆಯದೆ ಏನು ಮಾಡೀತು? ಎಂಟು ಗಂಟೆ ಬಾಗಿಲು ತೆರೆದಿಟ್ಟು, ಹೊರಗಿನ ಮಂಜನ್ನೆಲ್ಲ ಒಳಗೆ ಕರೆದು, ನಮ್ಮ ಬಡ ಯಂತ್ರ ನಾಲ್ಕು ದಿನದಿಂದ ಆಲ್ದೂರು ಹೋಬಳಿಯನ್ನೇ ಒಣಗಿಸಲು ಹೊರಟಿತ್ತು. ಮೊದಲು ನಕ್ಕದ್ದು ಸುಶೀಲಮ್ಮ. ಆಮೇಲೆ ನಾನು. ದೇಜಪ್ಪ ನಗಲಿಲ್ಲ. ವಿಷಯ ಪೂರ್ತಿ ಕೇಳಿಕೊಂಡು, ಒದ್ದೆ ನೆಲವನ್ನೊಮ್ಮೆ ನೋಡಿ, ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ನಿಂತುಬಿಟ್ಟರು.

ಬೂಸ್ಟು ಬಂದ ಎರಡು ತಟ್ಟೆಯನ್ನು ಸುಶೀಲಮ್ಮ ತಾವೇ ಹೊತ್ತು ಗೊಬ್ಬರದ ಗುಂಡಿಗೆ ಸುರಿದರು. ಮಾರನೆಯ ದಿನ ನಾನು ಅಂಗಡಿಗೆ ಬೀಗ ಹಾಕಿ ಮೊದಲ ಬಸ್ಸಿಗೇ ಹೋದೆ. ಹೋಗುವಷ್ಟರಲ್ಲಿ ದೇಜಪ್ಪ ಹಳೆಯ ಸೈಕಲ್ ಟ್ಯೂಬುಗಳನ್ನು ಸೀಳಿ ಬಾಗಿಲಿನ ಸಂದಿಗೆಲ್ಲ ಮೊಳೆ ಹೊಡೆದು, ಅಡಿಯ ಸಂದಿಗೆ ಗೋಣಿ ತುರುಕಿ, ಅದರ ಮೇಲೆ ಕೆಮ್ಮಣ್ಣು ಮೆತ್ತಿ, ಬಾಗಿಲಿಗೆ ಬೆನ್ನು ಕೊಟ್ಟು ಸ್ಟೂಲಿನ ಮೇಲೆ ಕೂತಿದ್ದರು. ತೊಡೆಯ ಮೇಲೆ ಕೊಡೆ. "ಇನ್ನು ಯಾರು ತೆಗೀತಾರೋ ನೋಡ್ತೇನೆ" ಎಂದರು.

ಅಂದು ಸಂಜೆಗೆ ಏಳು ಗೆರೆ. ಮಾರನೆಯ ದಿನ ಐದು. ಬಕೆಟ್ಟು ಕಡಿಮೆ ತುಂಬಿದ್ದಕ್ಕೆ ನಾನು ಕುಣಿದಾಡುವುದನ್ನು ನೋಡಿ ಆಳುಗಳು ನನಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ನೀರು ಕಡಿಮೆಯಾಗುತ್ತಿದೆ ಎಂದರೆ ಕಾಫಿಯಲ್ಲಿ ಕಡಿಮೆಯಾಗುತ್ತಿದೆ ಎಂದು ಅರ್ಥ. ನಡುವೆ ಎರಡು ಸಲ ಕರೆಂಟು ಹೋಯಿತು. ಹೋದಾಗ ಎಲ್ಲರೂ ಷೆಡ್ಡಿನ ಮುಂದೆ ಸುಮ್ಮನೆ ಕೂರುತ್ತಿದ್ದೆವು, ಬಂದಾಗ ಕಂಪ್ರೆಸರ್ ಗುರ್ ಎಂದರೆ ಸುಶೀಲಮ್ಮ ಎದ್ದು ಕೆಲಸಕ್ಕೆ ಹೋಗುತ್ತಿದ್ದರು.

ಆ ಎರಡನೆಯ ದಿನವೇ ರುದ್ರೇಗೌಡರು ಮತ್ತೆ ಬಂದರು, ಜೊತೆಗೆ ಇಬ್ಬರು ಬೆಳೆಗಾರರನ್ನು ಕರೆದುಕೊಂಡು. ಫ್ರಿಜ್ಜಿನಲ್ಲಿ ಕಾಫಿ ಒಣಗಿಸುವ ತಮಾಷೆ ತೋರಿಸಲೆಂದು ಕಾಣುತ್ತದೆ, ದಾರಿಯುದ್ದಕ್ಕೂ ನಗು ಕೇಳಿಸುತ್ತಿತ್ತು. ಷೆಡ್ಡಿನ ಮುಂದೆ ಬಂದು ನಿಂತು, "ತೆಗಿ ಬಾಗ್ಲು" ಎಂದರು.

ದೇಜಪ್ಪ ಸ್ಟೂಲಿನಿಂದ ಎದ್ದು ನಿಂತರು. ಸ್ಟೂಲು ಮಾತ್ರ ಬಾಗಿಲ ಮುಂದಿನಿಂದ ಸರಿಸಲಿಲ್ಲ. "ತೆಗೆಯೋಕೆ ಆಗೂದಿಲ್ಲ ಗೌಡ್ರೆ."

"ಏನಂದೆ?"

"ಹಸಿಗಾಳಿ ಒಳಗೆ ಹೋಗ್ತದೆ. ಕಾಫಿ ಒಣಗ್ಬೇಕು."

"ಯಾರ ಹತ್ರ ಮಾತಾಡ್ತಿದೀಯ ಗೊತ್ತೇನೋ?"

"ಗೊತ್ತು ಗೌಡ್ರೆ. ನೀವು ಅಂತ ಗೊತ್ತಿದ್ದೇ ಹೇಳ್ತಿದ್ದೇನೆ. ಆ ಕಡೆ ಕಿಟಕಿಗೆ ಗಾಜು ಹಾಕಿದೆ, ಅಲ್ಲಿಂದ ನೋಡ್ಬಹುದು."

ಆ ಸೀಮೆಯಲ್ಲಿ ರುದ್ರೇಗೌಡರಿಗೆ ಆಗುವುದಿಲ್ಲ ಎಂದು ಹೇಳಿದ ಮೇಸ್ತ್ರಿ ಅವತ್ತಿನವರೆಗೆ ಹುಟ್ಟಿರಲಿಲ್ಲ. ಮನೆಯ ಜಗಲಿಯಲ್ಲಿ ನಿಂತಿದ್ದ ಸುಶೀಲಮ್ಮ ಎಲ್ಲ ಕೇಳಿಸಿಕೊಂಡರು. ಓಡಿ ಬರಲಿಲ್ಲ, ಸಮಾಧಾನ ಹೇಳಲಿಲ್ಲ. "ಕಾಫಿ ಕುಡ್ಕೊಂಡು ಹೋಗಿ ಭಾವ" ಎಂದು ಅಲ್ಲಿಂದಲೇ ಕೂಗಿದರು. ಅವರು ಕುಡಿಯದೆ ಹೋದರು. ಹೋಗುವಾಗ ಜೊತೆಯಲ್ಲಿದ್ದವರಲ್ಲಿ ಒಬ್ಬರು ಮಾತ್ರ ಹಿಂದಿನಿಂದ ಸುತ್ತಿ ಬಂದು, ಕಿಟಕಿಯ ಗಾಜಿಗೆ ಮೂಗು ಒತ್ತಿ ಒಂದು ನಿಮಿಷ ನೋಡಿದ್ದನ್ನು ನಾನು ಕಂಡೆ.

ಮೂರನೆಯ ದಿನ ಮೂರು ಗೆರೆ, ನಾಲ್ಕನೆಯ ದಿನ ಒಂದು. ಮಧ್ಯಾಹ್ನ ಮಣ್ಣು ಕೆರೆದು ಬಾಗಿಲು ತೆಗೆದೆವು. ಒಳಗೆ ಹುಲ್ಲಿನ ಬಣವೆಯ ಹಾಗೆ ಒಣ, ಬೆಚ್ಚಗಿನ ವಾಸನೆ. ದೇಜಪ್ಪ ಒಂದು ಕಾಳು ಹೊಟ್ಟು ಬಿಡಿಸಿ ಹಲ್ಲಿಗೆ ಹಾಕಿದರು. ಕಟ್ ಎಂದದ್ದು ನನಗೂ ಕೇಳಿಸಿತು. ಮುರಿದ ಎರಡು ಚೂರನ್ನು ಸುಶೀಲಮ್ಮನ ಅಂಗೈ ಮೇಲೆ ಇಟ್ಟರು. ಹೊರಗೆ ಆಗಲೂ ಜಿನುಗುತ್ತಲೇ ಇತ್ತು. ಅಂದೇ ತೊಟ್ಟಿಯ ಕಾಫಿ ಬಸಿದು ತಟ್ಟೆಗೆ ಹಾಕಿದೆವು.

ಮೊದಲ ಚೀಲಗಳ ಜೊತೆ ನಾವು ಮೂವರೂ ಜೀಪಿನಲ್ಲಿ ಚಿಕ್ಕಮಗಳೂರಿನ ಕ್ಯೂರಿಂಗ್ ಕಾರ್ಖಾನೆಗೆ ಹೋದೆವು. ಅಲ್ಲಿ ಸ್ಯಾಂಪಲ್ ನೋಡುವವರು ಕನ್ನಡಕದ ಒಬ್ಬ ಹಿರಿಯರು. ಹೊಟ್ಟು ತೆಗೆದ ಕಾಳನ್ನು ಕಪ್ಪು ಬಟ್ಟೆಯ ಮೇಲೆ ಹರಡಿದರು. ನೀಲಿ ಬೆರೆತ ಹಸಿರು, ಒಂದೇ ಬಣ್ಣ. ಮೂಸಿದರು. ಮತ್ತೆ ಮೂಸಿದರು. ಮೀಟರಿಗೆ ಹಾಕಿ ನೋಡಿ ಕನ್ನಡಕ ತೆಗೆದು, "ಹನ್ನೊಂದು ದಿನದಿಂದ ಜಿಲ್ಲೇಲಿ ಎಲ್ಲೂ ಬಿಸಿಲಿಲ್ಲ. ನಿಮಗೆ ಎಲ್ಲಿ ಸಿಕ್ತಮ್ಮ?" ಎಂದರು. ಶುದ್ಧ ಕಾಫಿಯ ಸಾಲಿಗೆ ಚೀಲ ಸರಿಸಿ, ಅದಕ್ಕೆ ಕಟ್ಟುವ ಚೀಟಿ ತೆಗೆದುಕೊಂಡರು. ಚೀಟಿಯಲ್ಲಿ ಒಣಗಿಸಿದ ಬಗೆ ಎಂಬುದರ ಮುಂದೆ ಬಿಸಿಲು, ಸೌದೆ ಎಂದು ಎರಡೇ ಮಾತು ಅಚ್ಚಾಗಿದ್ದವು. ಬೇಡದ್ದನ್ನು ಹೊಡೆದುಹಾಕಬೇಕು. ಹಿರಿಯರು ಸೌದೆಯ ಮೇಲೆ ಪೆನ್ನು ಇಟ್ಟರು.

"ತಡೀರಿ" ಎಂದರು ಸುಶೀಲಮ್ಮ. "ಎರಡನ್ನೂ ಹೊಡೆದು ಹಾಕಿ."

"ಅಮ್ಮ, ಬಿಸಿಲು ಅಂತ ಹೋದ್ರೆ ನಿಮಗೇ ಒಳ್ಳೇದು. ಬೇರೆ ಏನಾದ್ರೂ ಬರೆದ್ರೆ ಮೇಲಿನವ್ರು ನೂರು ಪ್ರಶ್ನೆ ಕೇಳ್ತಾರೆ. ಸ್ಯಾಂಪಲ್ ವಾಪಸ್ ಬಂದ್ರೂ ಬರ್ಬಹುದು."

ನಾನು ಹಿಂದಿನಿಂದ ಸೆರಗು ಎಳೆಯುವುದೊಂದು ಬಾಕಿ. ಗೆದ್ದಾಯಿತಲ್ಲ, ಇನ್ನು ಸುಮ್ಮನಿರಬಾರದೇ ಎನಿಸಿತು. ಸುಶೀಲಮ್ಮ ಮೇಜಿನ ಮೇಲೆ ಕೈಯೂರಿದರು.

"ಹನ್ನೊಂದು ದಿನ ಬಿಸಿಲು ನಮ್ಮ ಕಡೆ ತಿರುಗೀನೂ ನೋಡ್ಲಿಲ್ಲ. ಅದರ ಹೆಸರು ಯಾಕೆ ಬರೀಬೇಕು? ಪ್ರಶ್ನೆ ಕೇಳ್ಲಿ. ನಾನೇ ಬಂದು ಉತ್ತರ ಹೇಳ್ತೀನಿ."

"ಆದ್ರೆ ಇದರಲ್ಲಿ ಬೇರೆ ಜಾಗ ಇಲ್ವಲ್ಲಮ್ಮ."

"ಗೆರೆ ಎಳೀರಿ."

ಹಿರಿಯರು ಅವರ ಮುಖ ನೋಡಿ, ಎರಡು ಮಾತನ್ನೂ ಹೊಡೆದು, ಸ್ಕೇಲು ತೆಗೆದು ಕೆಳಗೆ ನೀಟಾಗಿ ಒಂದು ಗೆರೆ ಎಳೆದರು. "ಏನಂತ ಬರೀಲಿ?" ಎಂದರು. ಸುಶೀಲಮ್ಮ ನನ್ನ ಕಡೆ ತಿರುಗಿದರು. ನಾನು ತಡಬಡಾಯಿಸಿದೆ. ಕಲಿತ ಇಂಗ್ಲಿಷ್ ಹೆಸರು ಉದ್ದವಾಯಿತು, ಕನ್ನಡದಲ್ಲಿ ಅದಕ್ಕೆ ಹೆಸರೇ ಇರಲಿಲ್ಲ. ಆಗ ಚೀಲಕ್ಕೆ ಒರಗಿ ನಿಂತಿದ್ದ ದೇಜಪ್ಪ ಹೇಳಿದರು:

"ಬಾಗಿಲು ಮುಚ್ಚಿ ಒಣಗಿಸಿದ್ದು ಅಂತ ಬರೀರಿ."

ಹಾಗೆಯೇ ಬರೆದರು. ಸ್ಯಾಂಪಲ್ ವಾಪಸು ಬರಲಿಲ್ಲ. ಮುಂದಿನ ವರ್ಷವೂ ಸುಶೀಲಮ್ಮನ ಕಾಫಿ ಸುಶೀಲಮ್ಮನ ಗುರುತಿನಲ್ಲೇ ಹೋಯಿತು, ಇವತ್ತಿಗೂ ಹೋಗುತ್ತಿದೆ. ಆ ಷೆಡ್ಡಿನ ಯಂತ್ರ ಆರು ಕೊಯ್ಲು ಓಡಿತು. ಕಿಟಕಿಯ ಗಾಜಿಗೆ ಮೂಗು ಒತ್ತಿದವರು ಕಳಸದವರು. ಅವರು ಕರೆದು ಅಲ್ಲಿ ಮೆಣಸಿಗೆ ಒಂದು ಮಾಡಿಸಿಕೊಂಡರು. ಅಲ್ಲೊಂದು ಇಲ್ಲೊಂದು ಎಂದು ಒಟ್ಟು ಐದು ಮಾಡಿದೆ. ಬಾಂಬ್ ಎಂಬ ಹೆಸರು ಹೋಗಲಿಲ್ಲ, ಒಂದು ಬಾಂಬೂ ಸಿಡಿಯಲಿಲ್ಲ. ದೇಜಪ್ಪ ಘಟ್ಟದ ಕೆಳಗೆ ತಮ್ಮ ಊರಿಗೆ ಹೋಗಿ, ಅಲ್ಲೇ ತೀರಿಕೊಂಡರು. ಸುದ್ದಿ ಬಂದ ದಿನ ಸುಶೀಲಮ್ಮನೇ ಫೋನ್ ಮಾಡಿ ಹೇಳಿದರು. ನಾನು ಅತ್ತೆ.

ವೇದಿಕೆಯ ಮೇಲಿನವರು ಮಾತು ಮುಗಿಸಿ ಪ್ರಶ್ನೆಗಳಿದ್ದರೆ ಕೇಳಿ ಎಂದರು. ನಾನು ಎದ್ದು ನಿಂತು, "ಬಾಗಿಲು ತೆಗೆದಿಟ್ರೆ ಏನಾಗ್ತದೆ ಸಾರ್?" ಎಂದೆ.

"ಬಾಗಿಲು ಯಾರು ತೆಗೀತಾರೆ ಸಾರ್!" ಎಂದು ಅವರು ನಕ್ಕರು. ಸಭೆಯೂ ನಕ್ಕಿತು. ತೆಗೆಯುವವರನ್ನು ಅವರು ಇನ್ನೂ ಕಂಡಿಲ್ಲ. ಮೊದಲ ಕೊಯ್ಲು ಆಗಲಿ, ಕಾಣುತ್ತಾರೆ.

ಹೊರಡುವಾಗ ಜೇಬಿನಿಂದ ಫಾರಂ ತೆಗೆದೆ. ಬೆಳೆಗಾರ, ವ್ಯಾಪಾರಿ, ವಿದ್ಯಾರ್ಥಿ. ಹುಡುಗಿಯ ಪೆನ್ನು ಇಸಿದುಕೊಂಡು ಮೂರನ್ನೂ ಹೊಡೆದುಹಾಕಿದೆ. ಕೆಳಗೆ ಅವಳ ಮೇಜಿನ ಅಂಚಿಗೆ ಕಾಗದ ಹಿಡಿದು ಒಂದು ಗೆರೆ ಎಳೆದು, ಅದರ ಮೇಲೆ ನನ್ನ ಹೆಸರು ಬರೆದು, ಮುಂದೆ ಬಾಗಿಲು ಮುಚ್ಚಿ ಕಾಫಿ ಒಣಗಿಸಿದವನು ಎಂದು ಬರೆದು ಕೊಟ್ಟೆ.

ಹುಡುಗಿ ಓದಿ ಕಣ್ಣು ಪಿಳುಕಿಸಿದಳು. "ಇದಕ್ಕೆ ಜಾಗ ಇಲ್ಲ ಅಂಕಲ್."

"ಗೊತ್ತಮ್ಮ, ಅದಕ್ಕೇ ಗೆರೆ ಎಳ್ದಿದ್ದು" ಎಂದೆ.